ಅಕ್ಕನ ಕೈಯಲ್ಲಿದ್ದ ಫ್ಯಾನು

ಮೊನ್ನೆ ನಮ್ಮ ಮೇಲಿನ ಮನೆಯ ಹುಡುಗಿ ಬಂದು ಬಾಗಿಲು ಬಡಿದಳು. ಬೆಂಗಳೂರಿನ ಕಡೆಯವಳು, ಪುಣೆಯ ಖರಾಡಿಯ ನಮ್ಮ ಅಪಾರ್ಟ್‌ಮೆಂಟಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. "ಆಂಟಿ, ನೀವು ಎಲೆಕ್ಟ್ರಾನಿಕ್ಸ್ ಓದಿದೀರಂತಲ್ಲ. ಫೋನಲ್ಲೇ ಲೈಟು ಫ್ಯಾನು ಆನ್ ಮಾಡೋ ಸ್ವಿಚ್ ಹಾಕ್ಸಿದ್ವಿ. ಒಂದ್ಸಲ ಆಗುತ್ತೆ, ಇನ್ನೊಂದ್ಸಲ ಸುಮ್ನೆ ಕೂತಿರುತ್ತೆ. ಒಂಚೂರು ನೋಡ್ತೀರಾ, ಪ್ಲೀಸ್?" ಎಂದಳು. ಮೇಲೆ ಹೋದರೆ ಅವಳ ಗಂಡ ಯಾವುದೋ ತಂತಿಗೆ ಬೆಸುಗೆ ಹಾಕಲು ಹೋಗಿ ಕೋಣೆಯ ತುಂಬ ಹೊಗೆ ಮಾಡಿಕೊಂಡು ಕೂತಿದ್ದ. ಬೆಸುಗೆಯ ತವರದ ಜೊತೆ ಕರಗುವ ರಾಳದ ಹೊಗೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ವೈಫೈ ಪೆಟ್ಟಿಗೆಯನ್ನು ಸ್ವಲ್ಪ ಹತ್ತಿರ ಇಡಿ ಎಂದು ಹೇಳಿ ಕೆಳಗೆ ಬಂದುಬಿಟ್ಟೆ. ಪಾಪ, ಆ ಮಕ್ಕಳು ಏನು ತಿಳಿದುಕೊಂಡರೋ. ಬಂದವಳು ಅಡುಗೆಮನೆಯ ಕಟ್ಟೆಗೆ ಒರಗಿ ತುಂಬ ಹೊತ್ತು ಹಾಗೇ ನಿಂತಿದ್ದೆ.

ಆ ಹೊಗೆಯಲ್ಲಿ ನಾನು ಒಂದು ಇಡೀ ಮಳೆಗಾಲ ಕಳೆದಿದ್ದೇನೆ. ಮೊಬೈಲಿಗೆ ಬರುವ ಕರೆ ಪುಕ್ಕಟೆಯಾಗಿ ಎರಡು ಮೂರು ವರ್ಷಗಳಾಗಿದ್ದ ಕಾಲ. ನಾವು ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ಎರಡು ಕೋಣೆ ಹಿಡಿದುಕೊಂಡಿದ್ದೆವು. ಅಪ್ಪ ವಿಜಾಪುರದ ಕಡೆಯಿಂದ ಬಂದು ಇಲ್ಲಿಯ ಕಾಳಿನ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತನಾಗಿ ತಲೆ ನರೆಸಿಕೊಂಡಿದ್ದ. ಅವ್ವನ ಮೊಣಕಾಲು ಆಗಲೇ ಮುಷ್ಕರ ಹೂಡಿದ್ದವು. ನಾನು ಡಿಪ್ಲೊಮಾ ಮುಗಿಸಿ ನಗರ ರಸ್ತೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಬೋರ್ಡುಗಳನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ಹೋಗುತ್ತಿದ್ದೆ. ಇನ್ನು ಪಮ್ಮಕ್ಕ. ಪ್ರಮೀಳಾ ಎಂದು ಹೆಸರು. ಅದೇ ಪೇಠೆಯ ಕೋಚಿಂಗ್ ಕ್ಲಾಸಿನಲ್ಲಿ ಹತ್ತನೆಯ ಇಯತ್ತೆಯ ಮಕ್ಕಳಿಗೆ ಗಣಿತ ಹೇಳುತ್ತಿದ್ದಳು. ಮರಾಠಿ ಹುಡುಗರು ಅವಳನ್ನು ಕಂಡರೆ ಓಣಿ ಬದಲಿಸುತ್ತಿದ್ದರು.

ಮನೆಯಲ್ಲಿಯೂ ಅವಳದೇ ದರ್ಬಾರು. ಅದರಲ್ಲೂ ದೀಪ, ಫ್ಯಾನುಗಳ ವಿಷಯ ಬಂದರೆ ಅವಳನ್ನು ಹಿಡಿಯುವವರಿಲ್ಲ. ನಾವು ಕೋಣೆಯಿಂದ ಎದ್ದರೆ ಸಾಕು, ಹಿಂದಿನಿಂದ ಟಕ್ ಎಂದು ಸ್ವಿಚ್ ಬೀಳುತ್ತಿತ್ತು. "ಯಾರ ಅಪ್ಪನ ಗಂಟಂತ ತಿರಗಾಕತ್ತದ ಇದು?" ಅಪ್ಪ ಎದುರಿಗೇ ಕೂತಿದ್ದರೂ ಹೀಗೆಯೇ ಕೇಳುತ್ತಿದ್ದಳು. ಅಪ್ಪ ಪೇಪರು ಇಳಿಸಿ, "ನಂದ ಗಂಟವ್ವಾ, ತಿರುಗ್ಲಿ ಬಿಡು," ಎಂದರೂ ಬಿಡುತ್ತಿರಲಿಲ್ಲ.

ಅವಳಿಗೆ ಮೊದಲು ಕೈಯಿಂದ ಹಲಗೆಯ ಮೇಲೆ ಬರೆಯುವ ಖಡು ಜಾರತೊಡಗಿತು. ಆಮೇಲೆ ಮೆಟ್ಟಿಲ ಮೇಲೆ ಕಾಲು ಜಾರಿತು. ಬಲಗೈ, ಬಲಗಾಲು, ಎಡಗಾಲು ಎಂದು ಒಂದೊಂದಾಗಿ ಹೋಗುತ್ತ ಆ ವರ್ಷದ ಬೇಸಿಗೆಯ ಹೊತ್ತಿಗೆ ಮಂಚ ಹಿಡಿದಳು. ಸ್ನಾಯುಗಳಿಗೆ ಹೋಗುವ ನರಗಳು ಒಣಗುತ್ತ ಬರುವ ಜಡ್ಡು, ಇದಕ್ಕೆ ಮದ್ದಿಲ್ಲ, ಬುದ್ಧಿ ಮಾತ್ರ ಕೊನೆಯ ತನಕ ಚುರುಕಾಗಿರುತ್ತದೆ ಎಂದು ದೊಡ್ಡ ಡಾಕ್ಟರರು ಹೇಳಿದರು. ಅದನ್ನು ಅವರು ಸಮಾಧಾನವೆಂಬಂತೆ ಹೇಳಿದ್ದರಿಂದ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ.

ಮಂಚ ಹಿಡಿದ ಅಕ್ಕ ಎಲ್ಲವನ್ನೂ ನುಂಗಿಕೊಂಡಳು. ಅವ್ವ ಉಣಿಸಿದರೆ ಉಂಡಳು, ನಾನು ಜಡೆ ಹಾಕಿದರೆ ಹಾಕಿಸಿಕೊಂಡಳು. ಅವಳನ್ನು ನಿಜವಾಗಿ ಕಾಡಿದ್ದು ತಲೆಯ ಮೇಲಿನ ಫ್ಯಾನು. ಹಚ್ಚಿದರೆ ಥಂಡಿ, ಬಂದ್ ಮಾಡಿದರೆ ಸೊಳ್ಳೆ. ಪ್ರತಿ ಸಲ "ಅವ್ವಾ" ಎಂದು ಕೂಗಬೇಕು, ಪ್ರತಿ ಸಲ ಅವ್ವ ಮೊಣಕಾಲು ಹಿಡಿದುಕೊಂಡು ಅಡುಗೆಮನೆಯಿಂದ ಏಳಬೇಕು. ಒಂದು ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅಕ್ಕ ಕರೆದಳು.

"ವಿದ್ಯಾ, ನೀ ಅಷ್ಟು ಕಲ್ತಿ. ನನಗ ಒಂದ್ ಕೆಲಸ ಮಾಡಿ ಕೊಡು. ಈ ಫ್ಯಾನು ನನ್ನ ಕೈಯಾಗ ಕೊಡು. ಕಾಲು ಬ್ಯಾಡ, ನಡಿಯೂದು ಬ್ಯಾಡ. ಯಾರನ್ನೂ ಕರೀದಂಗ ಹಚ್ಚಬೇಕು, ಯಾರನ್ನೂ ಕರೀದಂಗ ಬಂದ್ ಮಾಡಬೇಕು. ಇಷ್ಟ ಸಾಕು."

ಅವಳು ಜನ್ಮದಲ್ಲಿ ನನ್ನನ್ನು ಬೇಡಿಕೊಂಡದ್ದು ಅದೊಂದೇ ಸಲ.

ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಸಂದಿಯಲ್ಲಿ ಆಗ ಇಂಥ ಕಿಟ್ಟುಗಳು ಬರುತ್ತಿದ್ದವು. ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆಂದು ಒಯ್ಯುತ್ತಿದ್ದರು. ಒಂದು ಖಾಲಿ ಬೋರ್ಡು, ಒಂದು ಚೀಲದಲ್ಲಿ ಬಿಡಿಭಾಗಗಳು, ಮಸಿ ಹರಡಿದ ಒಂದು ಚಿತ್ರ. ಒಂದು ಹಳೆಯ ಮೊಬೈಲಿಗೆ ಇಯರ್‌ಫೋನಿನ ತಂತಿಯಿಂದ ಈ ಬೋರ್ಡನ್ನು ಜೋಡಿಸಬೇಕು. ಇನ್ನೊಂದು ಫೋನಿನಿಂದ ಕರೆ ಮಾಡಿದರೆ ಆ ಹಳೆಯದು ತಾನಾಗಿಯೇ ಕರೆ ಎತ್ತುತ್ತದೆ. ಆಮೇಲೆ ಒಂದು ಒತ್ತಿದರೆ ಫ್ಯಾನು ಹತ್ತುತ್ತದೆ, ಎರಡು ಒತ್ತಿದರೆ ನಿಲ್ಲುತ್ತದೆ, ಮೂರು ನಾಲ್ಕಕ್ಕೆ ದೀಪ. ಫೋನಿನ ಒಂದೊಂದು ಕೀಲಿಗೂ ಒಂದೊಂದು ಸ್ವರ ಇರುತ್ತದಲ್ಲ, ಬೋರ್ಡಿನ ಮೇಲಿನ ಚಿಪ್ಪು ಆ ಸ್ವರ ಗುರುತಿಸಿ ಸ್ವಿಚ್ ಕೆಲಸ ಮಾಡುವ ರಿಲೇಯನ್ನು ಎಳೆಯುತ್ತದೆ. ಕಾಗದದ ಮೇಲೆ ಬಹಳ ಸಲೀಸು.

ಮೃಗಶಿರ ಮಳೆ ಹಿಡಿದಿತ್ತು. ಹೊರಗೆ ಪುಣೆಯ ಆ ಜಿಟಿಜಿಟಿ, ಒಳಗೆ ನಾನು ಕಿಟಕಿಯ ಕಟ್ಟೆಯ ಮೇಲೆ ಬೆಸುಗೆ ಹಾಕುತ್ತ ಕೂತಿರುತ್ತಿದ್ದೆ. ಅಕ್ಕ ಮಂಚದ ಮೇಲಿನಿಂದಲೇ ಮೇಲ್ವಿಚಾರಣೆ ಮಾಡುತ್ತಿದ್ದಳು. ಒಂದು ದೊಡ್ಡ ಫೋನು, ಒಂದು ಬೋರ್ಡು, ಪವರ್ ಪೆಟ್ಟಿಗೆ, ಶಾವಿಗೆಯ ಹಾಗೆ ತಂತಿಗಳು. ಅಪ್ಪ ಬಂದು ನೋಡಿ, "ಒಂದ್ ಫ್ಯಾನಿಗೆ ಇಷ್ಟೇನು? ಮೂಗಿಗಿಂತ ಮೂಗುತಿ ಭಾರ ಆತಲ್ಲವ್ವಾ," ಎಂದ.

ಮುಗಿದ ದಿನ ಅವ್ವ ಅದಕ್ಕೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಳು. ಹಳೆಯ ಫೋನಿನ ಹಣೆಗೂ ಒಂದು ಬೊಟ್ಟು. ಅಕ್ಕನ ಎಡಗೈಯ ಬೆರಳುಗಳಲ್ಲಿ ಇನ್ನೂ ಜೀವವಿತ್ತು. ಅವಳ ಫೋನನ್ನು ಒಂದು ಮಣೆಗೆ ರಬ್ಬರಿನಿಂದ ಬಿಗಿದು ಅವಳ ಅಂಗೈಯ ಕೆಳಗೆ ಇಟ್ಟಿದ್ದೆ. ಅವಳು ಕರೆ ಮಾಡಿದಳು, ಕಿಟ್ಟಿನ ಫೋನು ಎತ್ತಿತು, ಅವಳು ಒಂದು ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಏನೂ ಇಲ್ಲ.

"ನಿನ್ನ ಡಿಪ್ಲೊಮಾ ವಾಪಸ್ ಕೊಟ್ಟು ಬಾ," ಎಂದಳು ಅಕ್ಕ.

ಅವಳ ಫೋನಿನಲ್ಲಿ ಕೀಲಿಯ ಸದ್ದನ್ನು ಯಾವಾಗಲೋ ಬಂದ್ ಮಾಡಿ ಇಟ್ಟಿದ್ದಳು. ಸ್ವರವೇ ಹೋಗದಿದ್ದರೆ ಚಿಪ್ಪು ಗುರುತಿಸುವುದೇನನ್ನು? ಅದನ್ನು ಸರಿಮಾಡಿದ ಮೇಲೆ ಟಕ್ ಎಂದು ರಿಲೇ ಬಿತ್ತು, ಫ್ಯಾನು ತಿರುಗಿತು. ಎರಡು ಒತ್ತಿದಳು, ನಿಂತಿತು. ಒಂದು, ಎರಡು, ಒಂದು, ಎರಡು. ಅವ್ವ ಬಾಯಿಗೆ ಸೆರಗು ಹಿಡಿದುಕೊಂಡು ನಿಂತಿದ್ದಳು. ಅಕ್ಕ ನಮ್ಮೆಲ್ಲರ ಕಡೆ ಒಂದು ಸಲ ನೋಡಿ, ಬೇಕೆಂದೇ ಮತ್ತೊಮ್ಮೆ ಬಂದ್ ಮಾಡಿ, "ಯಾರ ಅಪ್ಪನ ಗಂಟು?" ಎಂದಳು. ಅಪ್ಪ ಗೋಡೆಯ ಕಡೆ ತಿರುಗಿ ಕೂತ. ಆ ಮಳೆಗಾಲದಲ್ಲಿ ನಮಗೆ ಸಿಕ್ಕ ಸುಖವೆಂದರೆ ಅಷ್ಟೇ.

ಅಲ್ಲಿಂದ ಶುರುವಾಯಿತು ದುರಸ್ತಿಯ ಕಾಟ. ಫ್ಯಾನು ನಿಲ್ಲುವಾಗ ಏಳುವ ಕಿಡಿಗೆ ಚಿಪ್ಪು ತಲೆಕೆಟ್ಟು ಕೂರುತ್ತಿತ್ತು, ಅದಕ್ಕೊಂದು ಕಂಡೆನ್ಸರ್ ಹಾಕಿದೆ. ಇಯರ್‌ಫೋನಿನ ಪಿನ್ನು ಸಡಿಲಾದರೆ ಫೋನು ಕರೆ ಎತ್ತುತ್ತಿರಲಿಲ್ಲ, ಅದನ್ನು ಮೇಣದಿಂದ ಅಂಟಿಸಿದೆ. ವಾಡೆಯ ಕಲ್ಲಿನ ಗೋಡೆಗೆ ಸಿಗ್ನಲ್ ಬರುತ್ತಿರಲಿಲ್ಲ, ಕಿಟ್ಟಿನ ಇಡೀ ಸಂಸಾರವನ್ನು ಎತ್ತಿ ಕಿಟಕಿಗೆ ಕಟ್ಟಿದೆ. ಕರೆಂಟು ಹೋಗುವುದಂತೂ ಆ ವರ್ಷ ನಿತ್ಯದ ಹಾಡು. ಎದುರು ಮನೆಯ ಮರಾಠಿ ಕಾಕು "ಲಾಯಿಟ್ ಗೇಲೀ", ಕರೆಂಟು ಹೋಯಿತು ಎಂದು ಕೂಗಿದರೆ ಕಿಟ್ಟು ಸತ್ತ ಹಾಗೆಯೇ, ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ ಎಬ್ಬಿಸಬೇಕು.

ಇವನ್ನೆಲ್ಲ ಹೇಗೋ ಗೆದ್ದೆ. ಆದರೆ ಆಷಾಢದಲ್ಲಿ ಹೊಸದೊಂದು ಪೀಡೆ ಅಂಟಿತು. ಫ್ಯಾನು ತಾನಾಗಿಯೇ ಹತ್ತತೊಡಗಿತು. ಅಕ್ಕ ಮಲಗಿದ್ದಾಳೆ, ಕೈ ಮಣೆಯ ಮೇಲಿಲ್ಲ, ಆದರೂ ಟಕ್, ಫ್ಯಾನು ಶುರು. ಕೆಲವೊಮ್ಮೆ ಹತ್ತಿ, ನಿಂತು, ಮತ್ತೆ ಹತ್ತುತ್ತಿತ್ತು. ನಾನು ರಿಲೇ ಬದಲಿಸಿದೆ, ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದೆ, ಚಿಪ್ಪನ್ನೇ ಹೊಸದು ತಂದೆ. ಅವ್ವ ನಿಂಬೆಹಣ್ಣು ನಿವಾಳಿಸಿದಳು. ಕೈಲಾಗದವನು ಮೈ ಪರಚಿಕೊಂಡ ಎಂಬ ಹಾಗೆ ನಾನು ಅಂಗಡಿಯವನ ಮೇಲೆ ಹಾರಾಡಿ ಬಂದೆ. ಅವನು ಹೊಸ ಚಿಪ್ಪು ಕೊಟ್ಟು ಕೈ ಮುಗಿದ.

ಒಂದು ರವಿವಾರ ಮಧ್ಯಾಹ್ನ ನಾನು ಕಿಟ್ಟಿನ ಎದುರಿಗೇ ಕೂತಿದ್ದಾಗ ಟಕ್ ಎಂದಿತು. ಹಳೆಯ ಫೋನಿನ ಪರದೆ ಬೆಳಗುತ್ತಿತ್ತು, ಯಾವುದೋ ಕರೆ ನಡೆದಿತ್ತು. ಅಕ್ಕನದಲ್ಲ. ಇಯರ್‌ಫೋನಿನ ಪಿನ್ನು ಕಿತ್ತು ಕಿವಿಗೆ ಹಿಡಿದೆ. ವಿಜಾಪುರದ ದೊಡ್ಡತ್ತಿ, ಅಪ್ಪನ ಅಕ್ಕ, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಪಮ್ಮಿ, ನನ್ನ ಮಗಳ, ಒಂದ ಮಾತರೆ ಆಡವಾ. ದಿನಾ ಎತ್ತತಿ, ಸುಮ್ನ ಇರ್ತಿ. ನಿನ್ನ ದನಿನೂ ಹೋತೇನವಾ? ನೀ ಕೇಳ್ತಿ ಅಂತ ಗೊತ್ತದ ನನಗ. ಕೇಳಿದ್ರ ಸಾಕು..."

ಅವ್ವನನ್ನು ಕರೆದು ಕೇಳಿದೆ. ಅವ್ವ ಎಷ್ಟು ಸಹಜವಾಗಿ ಹೇಳಿದಳು! ಮನೆಗೆ ಹೊಸ ಫೋನು ಬಂದರೆ ನಂಬರು ಬಳಗಕ್ಕೆಲ್ಲ ತಿಳಿಸುವುದು ನಮ್ಮಲ್ಲಿ ಪದ್ಧತಿ. ಇದು ಪಮ್ಮಿಯ ಹೆಸರಿನಲ್ಲಿ ಬಂದ ಫೋನು, ಕುಂಕುಮ ಹಚ್ಚಿ ಪೂಜೆ ಮಾಡಿದ ಫೋನು. ಊರಲ್ಲಿ ಎಲ್ಲರೂ ಪಮ್ಮಿ ಹೇಗಿದ್ದಾಳೆ ಎಂದು ಕೇಳುತ್ತಾರೆ, ಅವಳ ಹತ್ತಿರವೇ ಮಾತಾಡಲಿ ಎಂದು ಅವ್ವ ಈ ನಂಬರನ್ನೇ ಕೊಟ್ಟಿದ್ದಾಳೆ. "ಅದರಾಗೇನು ತಪ್ಪು? ಹೊಡದ ಕೂಡ್ಲೇ ಎತ್ತತಾಳ ಅಂತ ನಿಮ್ಮತ್ತಿ ಭಾಳ ಖುಷಿ ಪಟ್ಟಿದ್ರು," ಎಂದಳು.

ಕೀಲಿಯ ಸ್ವರವೆಂದರೆ ಎರಡು ನಾದಗಳ ಕೂಡಿಕೆ. ಮನುಷ್ಯರ ದನಿ ಏರಿ ಇಳಿಯುವಾಗ ಒಮ್ಮೊಮ್ಮೆ ಅದೇ ಕೂಡಿಕೆ ಬಂದುಬಿಡುತ್ತದೆ, ಚಿಪ್ಪು ಮೋಸ ಹೋಗುತ್ತದೆ. ದೊಡ್ಡತ್ತಿ ಅಲ್ಲಿ ಅತ್ತಾಗ ಇಲ್ಲಿ ಫ್ಯಾನು ಹತ್ತುತ್ತಿತ್ತು. ಅಷ್ಟು ದಿನ ಆ ಮುದುಕಿ ಒಂದು ಬೋರ್ಡಿನ ಮುಂದೆ ತನ್ನ ಕರುಳು ತೋಡಿಕೊಂಡಿದ್ದಳು. ಅಕ್ಕನಿಗೆ ಹೇಳಿದಾಗ ಅವಳು ಕೆಮ್ಮು ಬರುವ ತನಕ ನಕ್ಕಳು. ನಕ್ಕು ಮುಗಿದ ಮೇಲೆ, "ಅತ್ತಿಗೆ ಫೋನ್ ಹಚ್ಚಿ ಕೊಡು. ದನಿ ಇರೂತನಾ ಮಾತಾಡ್ತೇನಿ," ಎಂದಳು. ಆಗಲೇ ಅವಳ ನಾಲಿಗೆ ದಪ್ಪವಾಗುತ್ತ ಬಂದಿತ್ತು. ನಾವು ಯಾರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ, ಅವಳೇ ಆಡಿದಳು.

ಅಷ್ಟರಲ್ಲಿ ಅಂಕಿ ಒತ್ತುವುದು ಅವಳಿಗೆ ಕಷ್ಟವಾಗತೊಡಗಿತು. ಕರೆ ಮಾಡಿ, ಕಾದು, ಅಂಕಿ ಹುಡುಕಿ ಒತ್ತುವಷ್ಟರಲ್ಲಿ ಬೆರಳು ಸೋತು ಬೀಳುತ್ತಿತ್ತು. ಮಿಸ್ಡ್ ಕಾಲ್ ಕೊಡುವುದು ಆಗ ನಮ್ಮೆಲ್ಲರ ಭಾಷೆಯೇ ಆಗಿತ್ತು. ಮುಟ್ಟಿದೆ ಎಂದರೂ ಮಿಸ್ಡ್ ಕಾಲ್, ಕೆಳಗೆ ಬಾ ಎಂದರೂ ಮಿಸ್ಡ್ ಕಾಲ್. ಕಿಟ್ಟನ್ನೂ ಅದಕ್ಕೇ ಒಗ್ಗಿಸಿದೆ. ಹಳೆಯ ಫೋನು ಇನ್ನು ಕರೆ ಎತ್ತುವುದಿಲ್ಲ. ಗಂಟೆ ಬಾರಿಸಿದರೆ ಸಾಕು, ಆ ಸದ್ದಿಗೇ ರಿಲೇ ಬದಲಾಗುತ್ತದೆ. ಒಮ್ಮೆ ಬಾರಿಸಿದರೆ ಶುರು, ಮತ್ತೊಮ್ಮೆ ಬಾರಿಸಿದರೆ ಬಂದ್. ಮನೆಯವರ ನಂಬರುಗಳಿಗೆ ಮಾತ್ರ ಗಂಟೆ, ಉಳಿದವರಿಗೆ ಅದು ಮೂಕ. ಅವ್ವ, "ನಂದೂ ಹಾಕಿಡು, ಒಲಿ ಮುಂದಿದ್ದಾಗ ನನಗೂ ಬೇಕಾದೀತು," ಎಂದಳು. ಮೊಣಕಾಲಿಗೆ ಅನುಕೂಲವಾದೀತೆಂದು ಹಾಕಿಟ್ಟೆ.

ಆದರೆ ಹೀಗೆ ಮಾಡಿದರೆ ಒಂದು ಗಂಟೆಗೆ ಒಂದೇ ಕೆಲಸ. ದೀಪವೋ ಫ್ಯಾನೋ ಎಂದು ಅಕ್ಕನನ್ನು ಕೇಳಿದೆ. ಅವಳು ಯೋಚಿಸಲೂ ಇಲ್ಲ. "ದೀಪ ಎಲ್ಲಾರಿಗೂ ಬೇಕು, ಯಾರರೆ ಹಚ್ಚತಾರ. ಫ್ಯಾನು ನನ್ನ ಮೈಗೆ ಸಂಬಂಧ. ನನಗ ಸೆಕಿಯೋ ಥಂಡಿಯೋ ನನಗಷ್ಟ ಗೊತ್ತು."

ಶ್ರಾವಣ ಪೂರ್ತಿ ಬೆರಳಿನ ಹಿಂದೆ ಓಡುವುದೇ ಆಯಿತು. ಅವಳ ಫೋನು ಬಿಚ್ಚಿ ಒಂದು ಕೀಲಿಗೆ ಎರಡು ತಂತಿ ಬೆಸೆದು ಹೊರಗೆ ತಂದೆ. ತಂತಿಯ ತುದಿಗೆ ಬಾಗಿಲ ಗಂಟೆಯ ದೊಡ್ಡ ಬಟನ್ನು. ಅದನ್ನು ಅದುಮಿ ಹಿಡಿದರೆ ಫೋನು ತಾನೇ ಕಿಟ್ಟಿಗೆ ಕರೆ ಮಾಡುತ್ತದೆ. ಅದನ್ನು ಮುಗಿಸಿ ಕೈಗೆ ಕೊಡುವಷ್ಟರಲ್ಲಿ ಆ ಬಟನ್ನು ಅದುಮುವ ಶಕ್ತಿ ಹೋಗಿತ್ತು. ಕಾರ್ಖಾನೆಯಲ್ಲಿ ಎಸೆದಿದ್ದ ಕಂಪ್ಯೂಟರಿನ ಮೌಸಿನಿಂದ ಒಂದು ಪುಟಾಣಿ ಸ್ವಿಚ್ ಕಿತ್ತು ತಂದೆ, ಮುಟ್ಟಿದರೆ ಸಾಕು ಚಿಟ್ ಎನ್ನುವಂಥದು. ಅದು ಗೌರಿ ಹಬ್ಬದ ತನಕ ನಡೆಯಿತು. ಆಮೇಲೆ ಅದರ ಮೇಲೆ ಬೆರಳನ್ನು ನಾವೇ ಇಟ್ಟುಹೋಗಬೇಕಾಯಿತು. ಬೆರಳು ಜಾರಿದರೆ ಮುಗಿಯಿತು. ಸರ್ಕ್ಯೂಟಿನಲ್ಲಿ ತಪ್ಪಿದ್ದರೆ ಹುಡುಕಬಹುದು, ಬದಲಿಸಬಹುದು. ಇದನ್ನು ನಾನು ಯಾವ ಮೀಟರಿನಿಂದ ಅಳೆಯಲಿ? ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು ಬರುತ್ತಿದ್ದೆ. ಅಕ್ಕ, "ನೀರಿಗೂ ರೊಕ್ಕಾ ಬೀಳ್ತಾವ, ನಲ್ಲಿ ಬಂದ್ ಮಾಡಿ ಅಳು," ಎನ್ನುತ್ತಿದ್ದಳು.

ಗಣಪತಿ ಬಿಡುವ ದಿನ ಪೇಠೆಯೆಲ್ಲ ರಸ್ತೆಯ ಮೇಲೆ. ಢೋಲಿನ ಸದ್ದಿಗೆ ವಾಡೆಯ ಕಿಟಕಿಗಳು ನಡುಗುತ್ತಿದ್ದವು. ಅಕ್ಕನೇ ನಮ್ಮನ್ನು ಹೊರಡಿಸಿದಳು. "ಮೂರೂ ಮಂದಿ ನನ್ನ ಮಾರಿ ನೋಡಿಕೋತ ಯಾಕ ಕುಂತೀರಿ? ಹೋಗ್ರಿ, ಮೆರವಣಿಗಿ ನೋಡಿ ಬರ್ರಿ. ನನ್ನ ಫ್ಯಾನು ನನ್ನ ಹಂತ್ಯಾಕ ಅದ." ಬೆರಳನ್ನು ಸ್ವಿಚ್ಚಿನ ಮೇಲೆ ಸರಿಯಾಗಿ ಇಟ್ಟು, ಜಾರದಂತೆ ಒಂದು ದಾರ ಕಟ್ಟಿ ಹೋದೆವು. ಓಣಿಯ ತಿರುವಿನಲ್ಲಿ ಗರ್ದಿಗೆ ಸಿಕ್ಕಿಕೊಂಡು, ಅಂದುಕೊಂಡದ್ದಕ್ಕಿಂತ ತಡವಾಯಿತು.

ಬಂದು ನೋಡಿದರೆ ಫ್ಯಾನು ತಿರುಗುತ್ತಿರಲಿಲ್ಲ. ಕಿಟಕಿ ತೆರೆದೇ ಇತ್ತು. ಅಕ್ಕನ ಹಣೆ, ಗಲ್ಲ, ರೆಪ್ಪೆಯ ಮೇಲೆಲ್ಲ ಸೊಳ್ಳೆಗಳು ಕೂತಿದ್ದವು. ನಮ್ಮನ್ನು ಕಂಡರೂ ಅವು ಏಳಲಿಲ್ಲ. ಅವ್ವ ಓಡಿಹೋಗಿ ಸೆರಗಿನಿಂದ ಅವಳ ಮುಖ ಒರೆಸಿದಳು. ಸ್ವಿಚ್ಚು ಸರಿಯಿತ್ತು, ಬೆರಳೂ ಒತ್ತಿತ್ತು, ಕಿಟ್ಟೂ ಜೀವಂತವಿತ್ತು. ಆದರೆ ಆ ಹೊತ್ತು ಇಡೀ ಊರು ಫೋನಿನಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತಿತ್ತು. ಇವಳ ಕರೆ ಟವರ್ ದಾಟಿ ಹೋಗಲೇ ಇಲ್ಲ.

"ಎಲ್ಲಾ ಲೈನ್ ಬಿಝಿ ಅದಾವಂತ," ಎಂದಳು ಅಕ್ಕ ನಿಧಾನವಾಗಿ, ಒಂದೊಂದೇ ಶಬ್ದ ಎತ್ತಿಟ್ಟು. "ಆ ಹುಡುಗಿ ಭಾಳ ಮರ್ಯಾದಿಲೆ ಹೇಳಿದ್ಲು. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನ ಮಾಡ್ರಿ ಅಂದ್ಲು. ಮಾಡೇ ಮಾಡಿದೆ."

ಅಪ್ಪ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತವನು ಊಟಕ್ಕೂ ಬರಲಿಲ್ಲ. ಒಂದು ಮಾರು ದೂರದ ಫ್ಯಾನಿಗೆ ನಾನು ಊರು ಸುತ್ತಿಬರುವ ದಾರಿ ಹಾಕಿಕೊಟ್ಟಿದ್ದೆ. ಮಂಚದಿಂದ ನೇರ ತಂತಿ ಎಳೆದುಬಿಡೋಣ ಎಂದು ಮರುದಿನ ಎಳೆಯಲು ಕೂತೆ. ಅಕ್ಕ, "ಬ್ಯಾಡ ಬಿಡು," ಎಂದಳು. ಅವಳ ಬೆರಳನ್ನು ಕೈಯಲ್ಲಿ ಹಿಡಿದೇ ಕೂತಿದ್ದೆನಲ್ಲ, ಅದು ಇನ್ನು ಮಿಸುಕುತ್ತಿರಲಿಲ್ಲ, ಯಾಕೆಂದು ಕೇಳುವುದೇನಿತ್ತು?

ಆದರೂ ಅವ್ವ ದಿನಾ ಅವಳ ಬೆರಳನ್ನು ಸ್ವಿಚ್ಚಿನ ಮೇಲೆ ಇಡುವುದನ್ನು ಬಿಡಲಿಲ್ಲ. ದಸರೆಯ ಮುಂದೆ ಒಂದು ವಿಚಿತ್ರ ನಡೆಯಿತು. ಮಳೆ ನಿಂತು ಪುಣೆಯ ಅಕ್ಟೋಬರಿನ ಸೆಕೆ ಶುರುವಾಗಿತ್ತು. ನಾನು ಸಂಜೆ ಬಂದರೆ ಅವ್ವ ಬಾಗಿಲಿಗೇ ಬಂದು, "ಇವತ್ತ ಪಮ್ಮಿ ತಾನ ಹಚ್ಚಿದ್ಲು ನೋಡು, ಎರಡು ಸಲ!" ಎನ್ನುತ್ತಿದ್ದಳು. ನನಗೆ ನಂಬಿಕೆ ಬರಲಿಲ್ಲ. ಆದರೂ ಒಳಗೆಲ್ಲೋ ಆಸೆ ಚಿಗುರಿತು. ಹೊಸ ಔಷಧವೇನಾದರೂ ಹಿಡಿಯಿತೇ, ದೊಡ್ಡ ಡಾಕ್ಟರರು ಸುಳ್ಳು ಹೇಳಿದರೇ ಎಂದು ಬಸ್ಸಿನಲ್ಲಿ ಕೂತು ಏನೇನೋ ಲೆಕ್ಕ ಹಾಕುತ್ತಿದ್ದೆ. ಅಪ್ಪನ ಮುಖದಲ್ಲೂ ಒಂದಿಷ್ಟು ಬಣ್ಣ ಬಂದಿತ್ತು.

ಖಂಡೇನವಮಿಯ ದಿನ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪೂಜೆ ಮಾಡಿ ಮಧ್ಯಾಹ್ನವೇ ಬಿಟ್ಟರು. ಮನೆಗೆ ಬಂದು ಹೊರಬಾಗಿಲಲ್ಲಿ ನಿಂತವಳಿಗೆ ಕಂಡದ್ದು ಇದು. ಅವ್ವ ಅಡುಗೆಮನೆಯ ಹೊಸ್ತಿಲ ಹತ್ತಿರ ಗೋಡೆಗೆ ಮರೆಯಾಗಿ ನಿಂತಿದ್ದಾಳೆ. ಹೋಳಿಗೆ ಬೇಯಿಸಿ ಬೇಯಿಸಿ ಅವಳ ಕುತ್ತಿಗೆಯಿಂದ ಬೆವರು ಇಳಿಯುತ್ತಿದೆ. ಸೆರಗಿನಿಂದ ಅದನ್ನು ಒರೆಸಿಕೊಂಡು, ಮಂಚದ ಕಡೆ ಇಣುಕಿ ನೋಡಿ, ಸೆರಗಿನ ಅಡಿಯಿಂದ ತನ್ನ ಫೋನು ತೆಗೆದು ಒಂದು ಕೀಲಿ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಕಿಟಕಿಯ ಹತ್ತಿರದ ಕಿಟ್ಟು ಗಂಟೆ ಬಾರಿಸಿತು. ಫ್ಯಾನು ತಿರುಗಿತು. ಅವ್ವ ಫೋನು ಬಚ್ಚಿಟ್ಟು, ಕುಂಟುತ್ತ ಹೊರಗೆ ಬಂದು, "ಭಲೇ ನನ್ನ ಮಗಳ! ತಾನ ಹಚ್ಚಿದ್ಲು!" ಎಂದು ಅಕ್ಕನ ಗಲ್ಲ ಸವರಿದಳು. ಅಕ್ಕ ಅವ್ವನ ಕಡೆ ನೋಡಿ ನಕ್ಕಳು.

ಒತ್ತುವುದಕ್ಕೂ ಗಂಟೆ ಬಾರಿಸುವುದಕ್ಕೂ ನಡುವೆ ಒಂದಿಷ್ಟು ಹೊತ್ತು ಹೋಗುತ್ತಿತ್ತಲ್ಲ, ಆ ಸಂದಿನಲ್ಲಿ ಅವ್ವ ತನ್ನ ಆಟ ಹೂಡಿದ್ದಳು. ಫ್ಯಾನು ಹತ್ತಿದಾಗ ಪಮ್ಮಿ ತನ್ನ ಬೆರಳೇ ಹಚ್ಚಿತೆಂದು ತಿಳಿದುಕೊಳ್ಳುತ್ತಾಳೆ, ಮನಸ್ಸಿಗೆ ಹಿತವಾಗುತ್ತದೆ ಎಂದು ಅವಳ ಎಣಿಕೆ.

ಅವ್ವ ಬನ್ನಿ ತರಲು ಕೆಳಗೆ ಇಳಿದ ಮೇಲೆ ನಾನು ಅಕ್ಕನ ಹತ್ತಿರ ಕೂತೆ. ಅವಳ ಮುಂಗೈ ಮುಟ್ಟಿದರೆ ಮಂಜುಗಡ್ಡೆಯಾಗಿತ್ತು. ಮೈಯಲ್ಲಿ ಮಾಂಸವೇ ಉಳಿದಿರಲಿಲ್ಲ, ಆ ಸೆಕೆಯಲ್ಲೂ ರೋಮ ನಿಂತಿದ್ದವು. ಫ್ಯಾನು ಬಂದ್ ಮಾಡಲೆಂದು ಏಳಲು ಹೋದೆ. ಅವಳು ಕಣ್ಣಿನಿಂದಲೇ ತಡೆದಳು.

"ಗೊತ್ತಾತೇನು?" ಎಂದಳು. ಆಗ ಅವಳ ಮಾತು ನಮ್ಮ ಮನೆಯವರಿಗೆ ಮಾತ್ರ ತಿಳಿಯುತ್ತಿತ್ತು.

"ನಿನಗ ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ. ನನ್ನ ಬೆರಳು ನನಗ ಗೊತ್ತಾಗಂಗಿಲ್ಲೇನು?" ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಅಕೀಗೆ ಒಲಿ ಮುಂದ ಸೆಕಿ ಆದಾಗ ನನಗೂ ಆಗೇದಂತ ಹಚ್ಚತಾಳ. ನನಗ ಥಂಡಿ ಆಗತದ, ವಿದ್ಯಾ. ಎಲುಬಿನಾಗ ಹೊಕ್ಕತದ."

"ಮತ್ತ ಹೇಳ್ಬಾರದಾ? ಬಂದ್ ಮಾಡು ಅಂದ್ರ ಮುಗೀತಲ್ಲ!"

"ಹೆಂಗ ಹೇಳ್ಲಿ? ನಾನ ಹಚ್ಚೀನಂತ ಮೆರಸಾಕತ್ತಾಳ. ನನಗ ಬೇಕಾಗಿ ಹಚ್ಚಿದ್ದು ನಾನ ಬಂದ್ ಮಾಡಬೇಕಲ್ಲ? ಬಂದ್ ಮಾಡು ಅಂತ ಕರದ್ರ ಬೆರಳು ಹೋಗೇದಂತ ನಾನ ಹೇಳಿದಂಗ ಆತು. ಅಕೀ ಅದೊಂದ ಹಿಡಕೊಂಡು ನಿಂತಾಳ."

ಮೊದಲಾದರೆ ಅವಳು ಅವ್ವನನ್ನು ಕರೆದು ಹೇಳಬಹುದಿತ್ತು. ಯಾರನ್ನೂ ಕರೆಯದ ಹಾಗೆ ಮಾಡಿಕೊಡುತ್ತೇನೆಂದು ಹೊರಟ ನನ್ನ ಕಿಟ್ಟು ಈಗ ಆ ಕರೆಯುವುದನ್ನೂ ಕಿತ್ತುಕೊಂಡಿತ್ತು. ಚಾದರವನ್ನು ಅವಳ ಗದ್ದದ ತನಕ ಎಳೆದು ಹೊದಿಸಿದೆ.

ಅಕ್ಕ ಕಿಟ್ಟಿನ ಕಡೆ ನೋಡಿದಳು. "ಅದನ್ನ ಕೆಡಸಾಕ ಬರ್ತದೇನು ನಿನಗ? ಸರಿ ಮಾಡಾಕಂತೂ ನೆಟ್ಟಗ ಬರ್ಲಿಲ್ಲ."

ಕೆಡಿಸುವುದು ಏನೂ ಕಷ್ಟವಲ್ಲ. ದಸರೆಯ ಮರುದಿನ ಅವ್ವ ಗುಡಿಗೆ ಹೋದಾಗ ಪವರ್ ಪೆಟ್ಟಿಗೆಯ ತಂತಿಯನ್ನು ಮುಟ್ಟಬಾರದ ಕಡೆ ಮುಟ್ಟಿಸಿದೆ. ಚಿಪ್ಪಿನಿಂದ ಒಂದು ಎಳೆ ಹೊಗೆ ಎದ್ದಿತು, ಅಷ್ಟೇ. ಅವ್ವ ಬಂದ ಮೇಲೆ ಕಿಟ್ಟು ಸುಟ್ಟುಹೋಯಿತು, ಅದರ ಚಿಪ್ಪು ಈಗ ಪೇಟೆಯಲ್ಲಿ ಸಿಗುವುದಿಲ್ಲ ಎಂದೆ. ಅಕ್ಕನಿಗೆ ರೋಗವೆಂದು ಡಾಕ್ಟರರು ಹೇಳಿದ ದಿನವೂ ಅಳದೆ ನಿಂತಿದ್ದ ಅವ್ವ, ಆ ಸುಟ್ಟ ಬೋರ್ಡನ್ನು ಉಡಿಯಲ್ಲಿ ಇಟ್ಟುಕೊಂಡು ಅತ್ತಳು. "ಈಗ ಸುಧಾರಸಾಕತ್ತಿತ್ತಲ್ಲ ಅಕೀ ಕೈ," ಎಂದು ನನ್ನೆದುರಿಗೂ ಅದೇ ಸುಳ್ಳು ಹೇಳಿದಳು. ನಾನು ಹೌದೆಂದೆ.

ಆವತ್ತು ಮಧ್ಯಾಹ್ನ ಅವ್ವ ಗೋಡೆಯ ಸ್ವಿಚ್ ಒತ್ತಿ ಫ್ಯಾನು ಹಚ್ಚಿ ಅಡುಗೆಮನೆಗೆ ಹೋಗಿ ಇನ್ನೂ ಕೂತಿರಲಿಲ್ಲ, ಮಂಚದಿಂದ ಕೂಗು ಬಂತು. "ಅವ್ವಾ, ಬಂದ್ ಮಾಡು." ಅವ್ವ ಎದ್ದು ಬಂದು ಬಂದ್ ಮಾಡಿದಳು. ಮತ್ತೆ ಸ್ವಲ್ಪ ಹೊತ್ತಿಗೆ, "ಅವ್ವಾ, ಹಚ್ಚು." ಅವ್ವ ಗೊಣಗುತ್ತ ಮೊಣಕಾಲು ಹಿಡಿದುಕೊಂಡು ಮತ್ತೆ ಎದ್ದಳು. ದಿನವಿಡೀ ಅದೇ ನಡೆಯಿತು. ಅಕ್ಕ ಅವಳನ್ನು ಗೋಳು ಹೊಯ್ದುಕೊಂಡಳು. ಅಪ್ಪ ಬೈದರೂ ಕೇಳಲಿಲ್ಲ.

ಆ ಮಾತುಗಳು ಸಂಕ್ರಾಂತಿಯ ತನಕ ಉಳಿದವು. ಮೊದಲು "ಬಂದ್ ಮಾಡು" ಎಂಬುದು ಬರಿಯ "ಬಂ" ಆಯಿತು, ಆಮೇಲೆ ಅದೂ ನಿಂತಿತು. ಅಲ್ಲಿಂದ ಮುಂದೆ ನಾವೇ ಅವಳ ಮುಖ ನೋಡಿ, ಅಂದಾಜಿನ ಮೇಲೆ ಫ್ಯಾನು ಹಚ್ಚುತ್ತಿದ್ದೆವು, ಅಂದಾಜಿನ ಮೇಲೆ ಬಂದ್ ಮಾಡುತ್ತಿದ್ದೆವು. ನಮ್ಮ ಅಂದಾಜು ಎಷ್ಟು ಸಲ ತಪ್ಪಿತೋ ಅವಳೊಬ್ಬಳಿಗೇ ಗೊತ್ತು.